ದಡದಿಂದ ದೋಣಿಗೆ

ಸರೋವರದ ದಡದ ಊರನ್ನು ದೋಣಿಯಲ್ಲಿ ಕುಳಿತೇ ನೋಡಬೇಕೆಂದು ಅನುಭವಿಗಳು ಹೇಳುತ್ತಾರೆ. ಮಾತು ಸತ್ಯವಾದದ್ದು, 2024ರ ದಸರೆಯ ರಜೆಯಲ್ಲಿ ಶ್ರೀನಗರದಲ್ಲಿ ನಾನೇ ಅದನ್ನು ಕಂಡುಕೊಂಡೆ. ಆದರೆ ಹೀಗೆ ಹೇಳುವ ಮಹನೀಯರಲ್ಲಿ ಯಾರೊಬ್ಬರೂ ನನ್ನ ತಾಯಿಯನ್ನು ಜೊತೆಗೆ ಕರೆದುಕೊಂಡು ಹೋದವರಲ್ಲ.

ನನ್ನ ತಾಯಿ ದೋಣಿ ಹತ್ತುವವಳಲ್ಲ. ಮೈಸೂರಿನ ಕಾರಂಜಿ ಕೆರೆಯಲ್ಲಿ ಮೊಮ್ಮಗಳು ಕೈಹಿಡಿದು ಎಳೆದಾಗಲೂ ದಡದ ಬೆಂಚನ್ನು ಬಿಟ್ಟು ಏಳಲಿಲ್ಲ. ಸಾಗರದ ಕಡೆಯ ನೆಂಟರ ಮನೆಗೆ ಹೋದಾಗಲೆಲ್ಲ ನಾವು ಲಾಂಚಿನಲ್ಲಿ ಹಿನ್ನೀರನ್ನು ದಾಟಿ ಸಿಗಂದೂರಿಗೆ ಹೋಗಿ ದೇವಿಯ ದರ್ಶನ ಮಾಡಿ ಬರುತ್ತಿದ್ದೆವು; ಅವಳು ಮಾತ್ರ ಹೊಳೆಬಾಗಿಲಿನ ಈಚೆಯ ದಡದಲ್ಲಿಯೇ ನಿಂತು, ದೇವಿ ಇರುವ ದಿಕ್ಕಿಗೆ ಕೈಮುಗಿದು, ನಾವು ತಂದ ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನೀರಿನ ಭಯವೆಂದು ನಾವೆಲ್ಲ ತಿಳಿದಿದ್ದೆವು. ಅವಳು ಹುಟ್ಟಿದ ಊರು ಶರಾವತಿಯ ದಂಡೆಯ ಮೇಲಿತ್ತು. ಇತ್ತು ಎಂದೆ, 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಆ ಊರೂ, ಅಂಥ ಎಷ್ಟೋ ಊರುಗಳೂ ಮುಳುಗಿದವು. ಆಗ ಅವಳಿಗೆ ಏಳು ವರ್ಷ. ನನ್ನ ಅಜ್ಜ ಮನೆಯ ಹೆಂಚುಗಳನ್ನೂ ಮುಂಬಾಗಿಲನ್ನೂ ಲಾರಿಗೆ ಹೇರಿಕೊಂಡು ಶಿವಮೊಗ್ಗದ ಕಡೆಗೆ ಬಂದರು. ಇದನ್ನು ನಾನು ಬಾಲ್ಯದಿಂದ ಕೇಳಿದ್ದೆ. ಆದರೆ ಭೂಗೋಳದ ಪುಸ್ತಕದಲ್ಲಿ ಓದಿದ ಸಂಗತಿಯನ್ನು ತಿಳಿದಿರುವ ಹಾಗೆ ತಿಳಿದಿದ್ದೆ, ಅಷ್ಟೆ.

ಕಾಶ್ಮೀರಕ್ಕೆ ಹೋಗುವ ಹುಚ್ಚು ಹಿಡಿದದ್ದು ನನಗೆ. ಪ್ರತಿ ವರ್ಷವೂ ತರಗತಿಯಲ್ಲಿ ಚಾಲುಕ್ಯರ ಕಾಲವನ್ನು ಹೇಳುವಾಗ ಬಿಲ್ಹಣನ ಹೆಸರು ಬರುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಈತ ಶ್ರೀನಗರದ ಬಳಿಯ ಹಳ್ಳಿಯಿಂದ ಹೊರಟು, ದೇಶದೇಶಗಳನ್ನು ಸುತ್ತಿ, ಕೊನೆಗೆ ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನವನ್ನು ಸೇರಿದ. ದೊರೆಯ ಮೇಲೆ ಬರೆದ 'ವಿಕ್ರಮಾಂಕದೇವಚರಿತ'ದ ಕಡೆಯ ಸರ್ಗದಲ್ಲಿ ದೊರೆಯನ್ನು ಪಕ್ಕಕ್ಕಿರಿಸಿ ತನ್ನ ಊರನ್ನೂ ವಿತಸ್ತಾ ನದಿಯನ್ನೂ ವರ್ಣಿಸುತ್ತಾನೆ. ಆ ನಗರವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನನ್ನ ಆಸೆ. ಮೊಗಲರ ತೋಟಗಳನ್ನು ನೋಡಬೇಕೆಂದು ನನ್ನ ಶ್ರೀಮತಿಯ ಆಸೆ. ಮಗಳಿಗೆ ದೋಣಿ. ಅಮ್ಮನನ್ನು ಕೇಳಿದರೆ, "ನನ್ನ ಚೀಲ ಎಲ್ಲಿಡ್ತೀರೋ ಅಲ್ಲಿ ನಾನೂ ಇರ್ತೇನೆ," ಎಂದಳು.

ಹೊರಡುವ ಉತ್ಸಾಹದಲ್ಲಿ ಹೌಸ್‌ಬೋಟಿನಲ್ಲಿ ಕೋಣೆ ಗೊತ್ತುಮಾಡಲು ಹೋಗಿದ್ದೆ. ಶ್ರೀಮತಿ ತಡೆದಳು: "ಅಲ್ಲಾರೀ, ಆ ದೋಣಿಮನೆಗೆ ಹೋಗಬೇಕಾದರೂ ಇನ್ನೊಂದು ದೋಣಿ ಹತ್ತಬೇಕಲ್ಲ, ಅತ್ತೆಯವರನ್ನು ಹೊತ್ತುಕೊಂಡು ಹೋಗುತ್ತೀರಾ?" ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಇಂಥ ವಿಷಯಗಳು ತಡವಾಗಿ ಹೊಳೆಯುತ್ತವೆ. ದಾಲ್ ಸರೋವರದ ದಂಡೆಯುದ್ದಕ್ಕೂ ಬುಲೆವಾರ್ಡ್ ಎಂಬ ರಸ್ತೆಯಿದೆ. ಅದರ ಮೇಲಿನ ಒಂದು ಸಾಧಾರಣ ಹೋಟಲಿನಲ್ಲಿ ಇಳಿದುಕೊಂಡೆವು.

ಮೊದಲ ದಿನದ ಬೆಳಿಗ್ಗೆ ಘಟ್ಟಕ್ಕೆ ಹೋದೆವು. ಬುಲೆವಾರ್ಡಿನ ಉದ್ದಕ್ಕೂ ನೀರಿಗಿಳಿಯುವ ಮೆಟ್ಟಿಲುಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟಿದ್ದಾರೆ; ಪ್ರತಿಯೊಂದರಲ್ಲಿಯೂ ಬಣ್ಣದ ಮೇಲ್ಕಟ್ಟು, ಕಸೂತಿಯ ಪರದೆ, ಮೆತ್ತನೆಯ ಒರಗುದಿಂಬುಗಳ ಶಿಕಾರಾಗಳು ಮದುವೆಯ ದಿಬ್ಬಣದ ಹಾಗೆ ಸಾಲುಗಟ್ಟಿ ನಿಂತಿರುತ್ತವೆ. ಅಂಬಿಗನ ಹುಟ್ಟು ಅಶ್ವತ್ಥದ ಎಲೆಯ ಆಕಾರದ್ದು. ಅಮ್ಮ ಅದನ್ನೆಲ್ಲ ಮೆಚ್ಚಿಕೊಂಡು ನೋಡಿ, ಬೆಂಚಿನ ಮೇಲೆ ಶಾಲು ಹೊದೆದು ಕುಳಿತುಬಿಟ್ಟಳು. "ನೀವು ಹೋಗಿ ಬನ್ನಿ. ನನಗೆ ಇಲ್ಲಿಂದಲೇ ಎಲ್ಲ ಕಾಣ್ತದೆ."

ನಾವು ಮೂವರು ಹೋದೆವು. ದೋಣಿ ದಡದಿಂದ ನೂರು ಮಾರು ಸರಿಯುವುದರೊಳಗೆ ನಗರ ತನ್ನ ನಿಜರೂಪವನ್ನು ತೋರಿಸಿತು. ರಸ್ತೆಯ ಮೇಲಿದ್ದಾಗ ಕಾಣುತ್ತಿದ್ದವುಗಳು ಹೋಟಲಿನ ಫಲಕಗಳು, ಮೋಟಾರುಗಳು, ಒಣಹಣ್ಣಿನ ಅಂಗಡಿಗಳು. ನೀರಿನಿಂದ ನೋಡಿದರೆ ಅವೆಲ್ಲ ಕುಗ್ಗಿ ಒಂದು ಗೆರೆಯಾಗಿ, ಅದರ ಹಿಂದೆ ಜಬರ್ವಾನ್ ಬೆಟ್ಟಗಳು ಎದ್ದು ನಿಲ್ಲುತ್ತವೆ. ನೆತ್ತಿಯ ಮೇಲೆ, ನಗರಕ್ಕಿಂತ ಸುಮಾರು ಸಾವಿರ ಅಡಿ ಎತ್ತರದಲ್ಲಿ, ಶಂಕರಾಚಾರ್ಯ ಗುಡ್ಡದ ಶಿವಾಲಯ. ರಸ್ತೆ ಮುಗಿದ ಮೇಲೂ ಇನ್ನೂರಕ್ಕೂ ಮಿಕ್ಕಿ ಮೆಟ್ಟಿಲುಗಳನ್ನು ಹತ್ತಬೇಕು. ಪಶ್ಚಿಮದಲ್ಲಿ ಹರಿಪರ್ವತದ ಕೋಟೆ. ಸರೋವರದ ನಡುವೆ ಮೂಲೆಗೊಂದರಂತೆ ನಾಲ್ಕು ಚಿನಾರ್ ಮರಗಳನ್ನು ನೆಟ್ಟ 'ಚಾರ್ ಚಿನಾರ್' ಎಂಬ ಪುಟ್ಟ ದ್ವೀಪ. ದೋಣಿಯಲ್ಲಿ ಬಂದವರು ಅಲ್ಲಿ ಇಳಿದು ಕಾಲಾಡಿಸಿ ಮತ್ತೆ ದೋಣಿ ಹತ್ತುತ್ತಾರೆ. ನಮ್ಮ ಪಕ್ಕಕ್ಕೆ ಒಂದೊಂದಾಗಿ ಅಂಗಡಿ ದೋಣಿಗಳು ಬಂದು ಅಂಟಿಕೊಂಡವು: ಕೇಸರಿ, ಕಾಗದದ ಮುದ್ದೆಯಿಂದ ಮಾಡಿ ಬಣ್ಣ ಹಾಕಿದ ಡಬ್ಬಿಗಳು, ಶಾಲು, ಹಬೆಯಾಡುವ ಕಹವಾ. ನೀರಿನ ನಡುವೆ ವ್ಯಾಪಾರಿಯಿಂದ ತಪ್ಪಿಸಿಕೊಂಡು ಓಡುವುದಕ್ಕೆ ಜಾಗವಿಲ್ಲವೆಂಬುದನ್ನು ನನ್ನ ಶ್ರೀಮತಿ ಎರಡು ಡಬ್ಬಿ, ಒಂದು ಶಾಲಿನ ಬೆಲೆ ತೆತ್ತು ಕಲಿತಳು.

ಹಿಂದಿರುಗಿದಾಗ ಅಮ್ಮ ಅದೇ ಬೆಂಚಿನ ಮೇಲಿದ್ದಳು. ಆ ಎರಡು ಗಂಟೆಗಳಲ್ಲಿ ಅವಳು ಯಾವ ಭಾಷೆಯ ನೆರವೂ ಇಲ್ಲದೆ, ನೆಲಗಡಲೆ ಮಾರುವವನಿಗೆ ಮೂವರು ಹೆಣ್ಣುಮಕ್ಕಳೆಂದು ತಿಳಿದುಕೊಂಡಿದ್ದಳು. ಆದರೂ ನನ್ನ ಮನಸ್ಸಿಗೆ ಕಸಿವಿಸಿಯಾಯಿತು. ಇಷ್ಟು ದೂರ ಕರೆತಂದು ದಡದಲ್ಲಿ ಕೂರಿಸಿದ ಮಗನೆಂಬ ಹೆಸರು ನನಗೇತಕ್ಕೆ? ಒಳಗೊಳಗೇ ಅವಳ ಮೇಲೆಯೇ ಸ್ವಲ್ಪ ಕೋಪವೂ ಬಂದಿತೆಂದು ಹೇಳಿಬಿಡುವುದು ಒಳ್ಳೆಯದು.

ಮರುದಿನ ನಾವು ಎರಡು ಪಕ್ಷವಾದೆವು. ಶ್ರೀಮತಿ ಮತ್ತು ಮಗಳದು ಜಲಪಕ್ಷ. ಅಮ್ಮ ಮತ್ತು ನಾನು ನೆಲಪಕ್ಷ. ಅವರು ಮಧ್ಯಾಹ್ನ ದೋಣಿ ಹತ್ತಿದರು. ನಾವು ಸಾವಕಾಶವಾಗಿ ಆಟೋ ಹಿಡಿದು ನಿಶಾತ್ ಬಾಗಿಗೆ ಹೋಗಿ, ರಸ್ತೆ ದಾಟಿ, ಅವರಿಗಾಗಿ ಘಟ್ಟದಲ್ಲಿ ಕಾದು ನಿಂತೆವು.

ಈ ತೋಟಗಳನ್ನು ಮಾಡಿದವರು ಅವುಗಳನ್ನು ರಸ್ತೆಯಿಂದ ಬರುವವರಿಗಾಗಿ ಮಾಡಲಿಲ್ಲವೆಂಬುದು ಅಲ್ಲಿ ನಿಂತಾಗ ಸ್ಪಷ್ಟವಾಗುತ್ತದೆ. ಜಹಾಂಗೀರನು 1619ರಲ್ಲಿ ಶಾಲಿಮಾರ್ ತೋಟವನ್ನು ಆರಂಭಿಸಿದಾಗ ಸರೋವರದಿಂದ ತೋಟದ ಬಾಗಿಲಿನವರೆಗೆ ಸುಮಾರು ಒಂದು ಮೈಲಿ ಉದ್ದದ ಕಾಲುವೆ ಇತ್ತು. ಬಾದಶಹನ ದೋಣಿ ಅದರೊಳಗೆ ಸಾಗಿ ಬರುತ್ತಿತ್ತು. ನೂರಜಹಾನಳ ಅಣ್ಣನಾದ ಆಸಫ್ ಖಾನನು 1633ರಲ್ಲಿ ಕಟ್ಟಿಸಿದ ನಿಶಾತ್ ನೀರಿನ ಅಂಚಿನಿಂದಲೇ ಮೇಲೇಳುತ್ತಿತ್ತು. ದ್ವಾದಶ ರಾಶಿಗಳ ಲೆಕ್ಕದಲ್ಲಿ ಹನ್ನೆರಡು ಅಂತಸ್ತು. ನಡುವೆ ನೀರು ಒಂದೊಂದೇ ಅಂತಸ್ತನ್ನು ಧುಮುಕುತ್ತ ಸರೋವರದ ಕಡೆಗೆ ಇಳಿಯುತ್ತದೆ. ಈಗ ರಸ್ತೆ ಬಂದು ತೋಟಕ್ಕೂ ನೀರಿಗೂ ನಡುವೆ ಗೆರೆ ಎಳೆದಿದೆ. ಆದರೂ ದೋಣಿಯಲ್ಲಿ ಬರುವವರಿಗೆ, ಒಂಟೆಯ ಬೆನ್ನಿನಂತೆ ಬಾಗಿರುವ 'ಊಂಟ್ ಕದಲ್' ಎಂಬ ಹಳೆಯ ಕಲ್ಲುಸೇತುವೆಯನ್ನು ದಾಟಿದ ಮೇಲೆ, ಹಸಿರು ಮೆಟ್ಟಿಲುಗಳು ಬೆಟ್ಟವನ್ನು ಏರುತ್ತಿರುವಂತೆ ತೋಟವೆಲ್ಲ ಒಂದೇ ನೋಟಕ್ಕೆ ದೊರೆಯುತ್ತದೆ. ನಮ್ಮ ಜಲಪಕ್ಷದವರು ದೋಣಿಯಿಂದ ಇಳಿಯುತ್ತಲೇ ಇದನ್ನು ವರ್ಣಿಸತೊಡಗಿದರು. ನಾನು ಕೇಳಿಕೊಂಡು ಸುಮ್ಮನಿದ್ದೆ.

ನಿಶಾತಿನ ಬಗ್ಗೆ ಒಂದು ಐತಿಹ್ಯವಿದೆ. ಷಹಜಹಾನನು ಈ ತೋಟವನ್ನು ಮೂರು ಸಲ ಹೊಗಳಿದನಂತೆ. 'ಇದು ತಮ್ಮದೇ' ಎಂದು ಅರ್ಪಿಸುವುದು ದರ್ಬಾರಿನ ಮರ್ಯಾದೆ. ಆಸಫ್ ಖಾನನು ಮೂರು ಸಲವೂ ಬಾಯಿಬಿಡಲಿಲ್ಲ. ಮುನಿದ ಬಾದಶಹನು ತೋಟಕ್ಕೆ ಬರುವ ನೀರನ್ನೇ ಕಟ್ಟಿಸಿದ. ಒಣಗಿದ ಕಾರಂಜಿಗಳ ನಡುವೆ ಒಡೆಯನು ದುಃಖದಿಂದ ಮಲಗಿರುವುದನ್ನು ಕಂಡು ಸೇವಕನೊಬ್ಬನು ತಲೆಯ ಹಂಗನ್ನು ತೊರೆದು ನೀರನ್ನು ಬಿಟ್ಟ. ಬಾದಶಹನೂ ಕೊನೆಗೆ ಕ್ಷಮಿಸಿದನಂತೆ. ಅಂತಸ್ತುಗಳನ್ನು ನಿಧಾನವಾಗಿ ಏರುತ್ತ ಈ ಕಥೆಯನ್ನು ಅಮ್ಮನಿಗೆ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, "ನೀರು ಕಟ್ಟುವವರು ಆಗಲೂ ಇದ್ದರು ಹಾಗಾದರೆ," ಎಂದಷ್ಟೇ ಹೇಳಿದಳು.

ಮೇಲಿನ ಅಂತಸ್ತನ್ನು ತಲುಪಿದಾಗ ಇಳಿಹೊತ್ತು. ಇಲ್ಲಿ ಪ್ರವಾಸಿಗಳಿಗೆ ಉಪಯೋಗವಾಗುವ ಒಂದು ಮಾತು. ತೋಟಗಳೆಲ್ಲ ಪೂರ್ವದ ದಡದಲ್ಲಿ, ಬೆಟ್ಟದ ಬುಡದಲ್ಲಿವೆ. ಬೆಳಗಿನಲ್ಲಿ ಅವು ಬೆಟ್ಟದ ನೆರಳಿನಲ್ಲಿರುತ್ತವೆ. ಇಳಿಬಿಸಿಲು ಸರೋವರದ ಮೇಲಿನಿಂದ ನೇರವಾಗಿ ಬಂದು ಬೀಳುವ ಸಂಜೆಯೇ ಅವುಗಳ ಹೊತ್ತು. ಚಿನಾರ್ ಎಲೆಗಳು ಆಗತಾನೆ ಅಂಚಿನಲ್ಲಿ ಕೆಂಪಾಗತೊಡಗಿದ್ದವು. ಕೆಳಗೆ ಸರೋವರವೆಲ್ಲ ಕರಗಿದ ಚಿನ್ನದಂತಿತ್ತು. ಮಗಳು ಕಾರಂಜಿಯ ಬಳಿಗೆ ಓಡಿದಳು. ಶ್ರೀಮತಿ ಅವಳ ಹಿಂದೆ ಓಡಿದಳು.

ಅಮ್ಮ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದಳು. ಆಮೇಲೆ ಸಾಧಾರಣವಾದ ದನಿಯಲ್ಲಿ, ಬಸ್ಸಿನ ವೇಳೆಯನ್ನು ಕೇಳುವವರ ಹಾಗೆ ಕೇಳಿದಳು: "ಇದರ ಅಡಿಯಲ್ಲಿ ಯಾವ ಊರಿದೆ, ಮಗಾ?"

ನನಗೆ ಥಟ್ಟನೆ ಅರ್ಥವಾಗಲಿಲ್ಲ. "ಯಾವ ಊರೂ ಇಲ್ಲಮ್ಮ. ಇದು ಕಟ್ಟಿದ ಕೆರೆಯಲ್ಲ. ಮೊದಲಿನಿಂದಲೂ ಇರುವ ಸರೋವರ."

"ಯಾರದೂ ಮುಳುಗಲಿಲ್ಲವಾ?"

"ಇಲ್ಲ."

"ಇಷ್ಟು ನೀರಿದ್ದೂ?"

"ಇಷ್ಟು ನೀರಿದ್ದೂ."

ಇಲ್ಲಿಗೆ ಕೆಲವು ಹರದಾರಿಗಳಾಚೆಯ ವೂಲರ್ ಸರೋವರದ ತಳದಲ್ಲಿ ಪುರಾತನ ನಗರವೊಂದು ಮುಳುಗಿದೆಯೆಂಬ ಐತಿಹ್ಯ ನನಗೆ ಗೊತ್ತಿತ್ತು. ಗೊತ್ತಿರುವುದನ್ನೆಲ್ಲ ಹೇಳಿಬಿಡುವ ಅಧ್ಯಾಪಕನ ಚಾಳಿಯನ್ನು ಜೀವಮಾನದಲ್ಲಿ ಅದೊಂದು ಸಲ ನಾನು ಅದುಮಿಕೊಂಡೆ.

ಮೂವತ್ತಾರು ವರ್ಷ ಜೊತೆಗಿದ್ದೂ ನಾನು ತಿಳಿಯದಿದ್ದ ಸಂಗತಿ ಅದು. ನನ್ನ ತಾಯಿಗೆ ನೀರಿನ ಭಯವಿರಲಿಲ್ಲ. ಏಳನೆಯ ವಯಸ್ಸಿನಲ್ಲಿ ಕಂಡದ್ದರಿಂದ, ವಿಶಾಲವಾಗಿ ನಿಂತ ನೀರಿನ ಕೆಳಗೆಲ್ಲ ಯಾರದೋ ಅಂಗಳವಿರುತ್ತದೆಯೆಂದು ಅವಳು ನಂಬಿದ್ದಳು. ಅದರ ಮೇಲೆ ದೋಣಿಯಲ್ಲಿ ನಗುತ್ತ ತೇಲುವುದು ಅವಳಿಗೆ, ಇನ್ನೊಬ್ಬರ ಮನೆಯ ಮೇಲೆ ಕಾಲಿಟ್ಟು ನಡೆದಂತೆ. ಕಾರಂಜಿ ಕೆರೆಯಲ್ಲಿ ಅವಳು ಹಾಗೆ ಕುಳಿತದ್ದು ಏತಕ್ಕೆಂದು ನಾವು ಯಾರೂ ಕೇಳಿರಲಿಲ್ಲ. 'ಅಜ್ಜಿಗೆ ಹೆದರಿಕೆ' ಎಂದು ಮಗುವಿಗೆ ಹೇಳಿ ನಕ್ಕಿದ್ದೆವು.

ಆ ರಾತ್ರಿ ಊಟಕ್ಕೆ ಕುಳಿತಾಗ ಅಮ್ಮನೇ ಮಾತು ತೆಗೆದಳು. "ನಾಳೆ ಎಷ್ಟು ಹೊತ್ತಿಗೆ ದೋಣಿ? ನಾನೂ ಬರ್ತೇನೆ." ಮೊಮ್ಮಗಳು ತಟ್ಟೆಯನ್ನು ಬಿಟ್ಟು ಎದ್ದು ಕುಣಿದಳು. ನಾವು ದೊಡ್ಡವರು, ಹೆಚ್ಚು ಸಂತೋಷವನ್ನು ತೋರಿಸಿದರೆ ಮಾತು ಮುರಿದೀತೆಂದು ಹೆದರಿ, ಅನ್ನವನ್ನು ಕಲಸುತ್ತ ಕುಳಿತೆವು.

ದಾಲ್ ಸರೋವರದ ತರಕಾರಿಯ ಸಂತೆ ನಸುಕಿನಲ್ಲಿಯೇ ಆರಂಭವಾಗಿ, ಬಿಸಿಲೇರುವುದರೊಳಗೆ ಚದುರಿಹೋಗುತ್ತದೆ. ಕತ್ತಲಿರುವಾಗಲೇ ಘಟ್ಟಕ್ಕೆ ಬಂದೆವು. ವೃದ್ಧನಾದ ಅಂಬಿಗನು ಉದ್ದನೆಯ ಫಿರನ್ನಿನ ಒಳಗೆ ಕೆಂಡದ ಕಾಂಗಡಿಯನ್ನು ಹಿಡಿದು ಕುಳಿತಿದ್ದ. ಅಮ್ಮನನ್ನು ಕಂಡು ಅದನ್ನು ಕೆಳಗಿಟ್ಟು, ಎದ್ದು, "ಬನ್ನಿ ಮಾಜೀ" ಎಂದು ಕೈ ಕೊಟ್ಟ. ಅಮ್ಮ ನೀರನ್ನು ಒಮ್ಮೆ ಬೆರಳಿನಿಂದ ಮುಟ್ಟಿ, ಕಣ್ಣಿಗೊತ್ತಿಕೊಂಡು, ಕಾಲಿಟ್ಟಳು. ದೋಣಿ ಸ್ವಲ್ಪ ಓಲಾಡಿತು, ನಿಂತಿತು. ಅಷ್ಟೇ. ಅರುವತ್ತು ವರ್ಷಗಳ ಹಟ ಅಷ್ಟೇ ಸದ್ದಿನಲ್ಲಿ ಮುಗಿಯಿತು.

ಸಂತೆಯಲ್ಲಿ ಕೊಳ್ಳುವವರೂ ಮಾರುವವರೂ ದೋಣಿಯಲ್ಲಿಯೇ ಇರುತ್ತಾರೆ. ಮೂಲಂಗಿ, ಸೋರೆ, ಅವರು 'ಹಾಖ್' ಎನ್ನುವ ಸೊಪ್ಪು, ತಾವರೆಯ ದಂಟು; ಅದಕ್ಕೆ 'ನದ್ರು' ಎನ್ನುತ್ತಾರೆ. ದೋಣಿಗೆ ದೋಣಿ ತಗುಲಿ ನಿಂತು, ಒಂದರಿಂದ ಇನ್ನೊಂದಕ್ಕೆ ತಕ್ಕಡಿಯನ್ನು ಚಾಚಿ, ಮಬ್ಬಿನಲ್ಲಿ ಬೆಲೆ ಕೂಗುತ್ತಾರೆ. ಅಮ್ಮ ನದ್ರುವಿನ ಒಂದು ತುಂಡನ್ನು ಕೈಗೆತ್ತಿಕೊಂಡು, ಮುರಿದು, ತೂತುಗಳನ್ನು ಬೆಳಕಿಗೆ ಹಿಡಿದು ನೋಡಿದಳು. ನಮ್ಮೂರ ಸಂತೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುವ ಹೆಂಗಸೇ ಅಲ್ಲಿಯೂ ಕುಳಿತಿದ್ದಳು.

ಸಂತೆಯಿಂದ ಅಂಬಿಗನು ದೋಣಿಯನ್ನು ಒಳಗಿನ ಓಣಿಗಳಿಗೆ ತಿರುಗಿಸಿದ. ಪ್ರವಾಸಿಗಳ ಪಟ್ಟಿಯಲ್ಲಿ ಬಾರದ ದಾಲ್ ಇಲ್ಲಿದೆ. ನೀರಿನ ಮೇಲೆ ಮನೆ, ಮನೆಗೆ ಮರದ ಮೆಟ್ಟಿಲು, ಮೆಟ್ಟಿಲಿಗೆ ಕಟ್ಟಿದ ಪುಟ್ಟ ದೋಣಿ. ಸಮವಸ್ತ್ರ ಧರಿಸಿದ ಹುಡುಗಿಯೊಬ್ಬಳು ತಾನೇ ಹುಟ್ಟು ಹಾಕುತ್ತ ಶಾಲೆಗೆ ಹೊರಟಿದ್ದಳು. ಆಚೀಚೆ ತೇಲುವ ತೋಟಗಳು. ಜೊಂಡನ್ನೂ ಪಾಚಿಯನ್ನೂ ಹೆಣೆದ ಚಾಪೆಯ ಮೇಲೆ ಸರೋವರದ ಕೆಸರನ್ನು ಹರಡಿ ತರಕಾರಿ ಬೆಳೆಯುತ್ತಾರೆ. ಗೂಟ ಕಿತ್ತರೆ ತೋಟವನ್ನೇ ದೋಣಿಗೆ ಕಟ್ಟಿ ಎಳೆದೊಯ್ಯಬಹುದು. ಹಿಂದೆ ಹೀಗೆ ರಾತ್ರೋರಾತ್ರಿ ತೋಟಗಳನ್ನು ಕದ್ದೊಯ್ಯುತ್ತಿದ್ದುದನ್ನು ವಾಲ್ಟರ್ ಲಾರೆನ್ಸ್ 1895ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಇದನ್ನು ಹೇಳಿದಾಗ ಅಮ್ಮ ಮೊದಲು ನಂಬಲಿಲ್ಲ. ಆಮೇಲೆ ಬಹಳ ನಕ್ಕಳು. "ನಮ್ಮ ಅಪ್ಪಯ್ಯನಿಗೆ ಇಂಥ ತೋಟವಿದ್ದಿದ್ದರೆ!" ಎಂದಳು. ನಕ್ಕವಳು ತಟಕ್ಕನೆ ಸುಮ್ಮನಾದಳು. ಇಂಥ ತೋಟ ನೀರು ಏರಿದ ಹಾಗೆ ತಾನೂ ಏರುತ್ತದೆ, ಮುಳುಗುವುದಿಲ್ಲ.

ಅಂಬಿಗನೊಡನೆ ನನ್ನ ಹಿಂದಿಯಲ್ಲಿ ಮಾತು ನಡೆದಿತ್ತು. ಅವನ ಮನೆ ಇದೇ ಓಣಿಗಳೊಳಗೆ ಎಲ್ಲಿಯೋ ಇತ್ತು. ಸರೋವರವು ಹೂಳಿನಿಂದಲೂ ಕೊಳೆಯಿಂದಲೂ ಕುಗ್ಗುತ್ತ ಬಂದಿರುವುದರಿಂದ ಒಳಗೆ ವಾಸಿಸುವವರನ್ನು ಹೊರಗೆ ನೆಲೆಗೊಳಿಸುವ ಯೋಜನೆ ವರ್ಷಗಳಿಂದ ನಡೆದಿದೆ. ನಗರದ ಇನ್ನೊಂದು ಪಕ್ಕದ ರಖ್-ಎ-ಅರ್ಥ್ ಎಂಬಲ್ಲಿ ಬಡಾವಣೆಯಾಗಿದೆ. ಅವನ ಅಣ್ಣನ ಸಂಸಾರ ಹೋಗಿತ್ತು. ಇವನ ಸರದಿ ಇನ್ನೂ ಬಂದಿರಲಿಲ್ಲ. ಸರೋವರ ಉಳಿಯಬೇಕಾದದ್ದು ಸರಿಯೆಂದೇ ಅವನೂ ಹೇಳಿದ. "ನೀರಿದ್ದರೆ ತಾನೇ ನಾವು?" ಎಂದ. ಆದರೆ ಅಣ್ಣ ಈಗಲೂ ನಸುಕಿನಲ್ಲಿ ಎದ್ದು ಬಸ್ಸಿನಲ್ಲಿ ಘಟ್ಟಕ್ಕೆ ಬಂದು, ಸುಮ್ಮನೆ ಕುಳಿತು ಹೋಗುತ್ತಾನಂತೆ.

"ಏನು ಹೇಳ್ತಿದ್ದಾನೆ?" ಎಂದು ಅಮ್ಮ ಕೇಳಿದಳು. ಹೇಳಿದೆ.

ಅವಳು ಮುಂದಕ್ಕೆ ಬಾಗಿ ಅಂಬಿಗನ ಮುಖವನ್ನು ನೋಡಿದಳು. "ಕೇಳು ಅವನನ್ನು, ಹೋಗುವಾಗ ಏನು ತಗೊಂಡು ಹೋಗ್ತಾನಂತೆ?"

ಕೇಳಿದೆ. ಅವನು ಹುಟ್ಟನ್ನು ಎತ್ತಿ ಹಿಡಿದು ಯೋಚಿಸಿದ. ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕಿತು. "ದೋಣಿಯನ್ನು ತೆಗೆದುಕೊಂಡು ಹೋಗಬಹುದು. ಆದರೆ ಇಡುವುದೆಲ್ಲಿ?" ಎಂದ.

"ನಮ್ಮ ಅಪ್ಪಯ್ಯ ಬಾಗಿಲು ತಗೊಂಡು ಬಂದರು ಅಂತ ಹೇಳು," ಎಂದಳು ಅಮ್ಮ. "ಹೊಸ ಮನೆಯ ಗೋಡೆಗೆ ಅದು ಕೂರಲಿಲ್ಲ. ಹಾಗೇ ಒರಗಿಸಿ ಇಟ್ಟಿದ್ದರು. ನನ್ನ ಮದುವೆಯಾಗುವ ತನಕ ಇತ್ತು."

ಈ ಬಾಗಿಲಿನ ಕಥೆಯನ್ನು ನಾನೂ ಅಂದೇ ಮೊದಲು ಕೇಳಿದ್ದು. ನನ್ನ ಹರಕು ಹಿಂದಿಯಲ್ಲಿ ಅದನ್ನು ಹೇಳಲು ಹೊರಟು 'ಮುಳುಗಡೆ' ಎಂಬ ಒಂದು ಮಾತಿಗೆ ತಡವರಿಸಿದೆ. ಊರು ಮುಳುಗಿತು ಎಂದೆ. ಅವನು, ಪ್ರವಾಹವೇ, 2014ರಲ್ಲಿ ಇಲ್ಲಿಯೂ ಬಂದಿತ್ತಲ್ಲ, ಎಂದ. ಅಲ್ಲ, ಇಳಿಯದೆ ಉಳಿದ ನೀರು ಎಂದೆ. ಅವನಿಗೆ ಅರ್ಥವಾಯಿತು. ಅವನು ಅಮ್ಮನ ಕಡೆ ತಿರುಗಿ ಕಾಶ್ಮೀರಿಯಲ್ಲಿ ಏನೋ ಹೇಳಿದ. ಅಮ್ಮ ಕನ್ನಡದಲ್ಲಿ "ಹೌದು" ಎಂದಳು. ಇಬ್ಬರೂ ನನ್ನ ಭಾಷಾಂತರಕ್ಕೆ ಕಾಯಲಿಲ್ಲ.

ಓಣಿಗಳು ಮುಗಿದು ವಿಶಾಲವಾದ ನೀರಿಗೆ ಬಂದಾಗ ಸೂರ್ಯ ಜಬರ್ವಾನನ್ನು ಏರುತ್ತಿದ್ದ. ಪೂರ್ವದ ತೋಟಗಳೆಲ್ಲ ಇನ್ನೂ ನೆರಳಿನಲ್ಲಿದ್ದವು. ಮೊದಲ ಬಿಸಿಲು ಸರೋವರವನ್ನು ದಾಟಿ ಪಶ್ಚಿಮದ ದಡದಲ್ಲಿ ಹಜರತ್‌ಬಲ್‌ನ ಬಿಳಿಯ ಗುಮ್ಮಟದ ಮೇಲೆ ಬಿದ್ದಿತ್ತು. ಪೈಗಂಬರರ ಕೇಶವನ್ನು ಇರಿಸಿರುವ ಪವಿತ್ರ ಸ್ಥಳವಿದು. ಈಗಿರುವ ಅಮೃತಶಿಲೆಯ ಕಟ್ಟಡ ಮುಗಿದದ್ದು 1979ರಲ್ಲಿ. ಅಮ್ಮ ಸಿಗಂದೂರಿನ ದಿಕ್ಕಿಗೆ ಮುಗಿಯುತ್ತಿದ್ದ ಹಾಗೆಯೇ ಅದಕ್ಕೂ ಕೈಮುಗಿದಳು. ಪಕ್ಕದಲ್ಲಿ, ಮೊಗಲರ ಕಾಲದಿಂದ ಚಿನಾರ್ ಮರಗಳಿಗೆ ಹೆಸರಾದ, ಈಗ ವಿಶ್ವವಿದ್ಯಾನಿಲಯದ ಆವರಣಕ್ಕೆ ಸೇರಿರುವ ನಸೀಮ್ ಬಾಗ್. ಅದರ ನೆರಳಿನಲ್ಲಿ ನಾಲ್ವರೂ ಕುಳಿತು, ಹೋಟಲಿನಿಂದ ಕಟ್ಟಿಸಿಕೊಂಡು ಬಂದ ರೊಟ್ಟಿಯನ್ನು ತಿಂದೆವು. ಬಿಲ್ಹಣನ ನಗರವನ್ನು ನೋಡಲು ಬಂದಿದ್ದ ನಾನು ಅಂದು ಅವನ ಹೆಸರನ್ನೇ ಎತ್ತಲಿಲ್ಲ. ಆದರೆ ವಿಕ್ರಮಾದಿತ್ಯನ ಚರಿತ್ರೆಯ ಕೊನೆಯಲ್ಲಿ ತನ್ನ ಊರನ್ನು ತಂದು ಸೇರಿಸಿದ ಅವನ ಹಟ, ಗೋಡೆಗೆ ಕೂರದ ಬಾಗಿಲನ್ನು ಲಾರಿಯಲ್ಲಿ ತಂದ ನನ್ನ ಅಜ್ಜನ ಹಟ, ಎರಡೂ ಬೇರೆಬೇರೆಯಲ್ಲವೆಂದು ನನಗೆ ತೋರಿತು. ಈಗ ಆ ಸರ್ಗವನ್ನು ಪಾಠ ಹೇಳುವಾಗ ನನಗೆ ಬಾಗಿಲು ನೆನಪಾಗುತ್ತದೆ.

ಬೆಂಗಳೂರಿಗೆ ಬಂದಮೇಲೆ ಸಂಕ್ರಾಂತಿಯ ರಜೆಯಲ್ಲಿ ಸಾಗರಕ್ಕೆ ಹೋಗಬೇಕೆಂದು ಅಮ್ಮ ತಾನಾಗಿಯೇ ಹೇಳಿದಳು. ಅಂಬಾರಗೋಡ್ಲು-ಕಳಸವಳ್ಳಿಯ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ನಾವು ಹೋದದ್ದು ಅದಕ್ಕೆ ಮೊದಲು, ಜನವರಿಯಲ್ಲಿ. ಹೊಳೆಬಾಗಿಲಿನಲ್ಲಿ ಲಾಂಚು ಬಂದು ನಿಂತಿತು. ಅಮ್ಮ ಕೆಳಗೆ ಬಾಗಿ ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಮೊಮ್ಮಗಳ ಕೈ ಹಿಡಿದು, ಎಲ್ಲರೊಡನೆ ಹತ್ತಿದಳು. ನಡುನೀರಿನಲ್ಲಿ ಕಂಬಿಯನ್ನು ಹಿಡಿದು ನಿಂತು, ಮಗುವಿಗೆ ಬೆರಳು ತೋರಿಸಿ ಹೇಳತೊಡಗಿದಳು: "ಅಗೋ, ಆ ಗುಡ್ಡದ ಈಚೆಗೆ ನಮ್ಮ ಗದ್ದೆ. ಅದರ ಮೇಲೆ ಹಲಸಿನ ಮರ. ಅಲ್ಲಿಂದ ನೇರ ಬಂದರೆ ಅಂಗಳ."

ಮಗು ಅತ್ತ ನೋಡಿತು. "ಎಲ್ಲಿ ಅಜ್ಜೀ? ಬರೀ ನೀರು."

"ಹೌದು. ಅದರ ಅಡಿಯಲ್ಲಿ," ಎಂದಳು ಅಮ್ಮ, ಮತ್ತೆ ಮೊದಲಿನಿಂದ ತೋರಿಸತೊಡಗಿದಳು.